ಓದುಗರ ಪ್ರಶ್ನೆ: ಹಡ್ಸನ್ ನದಿಯ ಹಳೇ ರೈಲು ಸೇತುವೆ

ಪ್ರಶ್ನೆ: ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ 1889ರ ರೈಲು ಸೇತುವೆಯ ಮೇಲೆ ಈಗ ನಡೆದಾಡಬಹುದಂತೆ. ಅಷ್ಟು ಹಳೆಯ ಉಕ್ಕು ಜನಜಂಗುಳಿಯನ್ನು ತಡೆಯುತ್ತದೆಯೇ? ಊರಿನಿಂದ ಬರುವ ಅಪ್ಪ-ಅಮ್ಮನಿಗೆ ಮಂಡಿನೋವಿದೆ, ಕರೆದೊಯ್ಯಬಹುದೇ?
– ಓದುಗರು, ನ್ಯೂಜೆರ್ಸಿ

ಉತ್ತರ: ಧಾರಾಳವಾಗಿ ತಡೆಯುತ್ತದೆ. ಆದರೆ ರೈಲು ಹೊತ್ತ ಸೇತುವೆಗೆ ಜನರ ಭಾರ ಲೆಕ್ಕಕ್ಕೇ ಇಲ್ಲ ಎನ್ನುವುದು ತಪ್ಪು. ಅಮೆರಿಕದಲ್ಲಿ ಕಾಲುಸೇತುವೆಗೆ ಚದರ ಅಡಿಗೆ 90 ಪೌಂಡ್ ಜನಭಾರ ಹಿಡಿಯುತ್ತಾರೆ. ಸುಮಾರು 24 ಅಡಿ ಅಗಲದ ಈ ಹಾಸಿನ ಮೇಲೆ ಜನ ಕಿಕ್ಕಿರಿದರೆ ಉದ್ದದ ಪ್ರತಿ ಅಡಿಗೂ 2,160 ಪೌಂಡ್, ಹೆಚ್ಚುಕಡಿಮೆ ಒಂದು ಟನ್! ಕಾಂಕ್ರೀಟಿನ ತೂಕ ಬೇರೆ. ರೈಲಿನ ಎಂಜಿನ್‌ಗಳು ಭಾರವಾಗುತ್ತಾ ಹೋದಾಗ, 20ನೆಯ ಶತಮಾನದ ಆರಂಭದಲ್ಲಿ, ನಡುವೆ ಮೂರನೆಯ ಟ್ರಸ್ (ತ್ರಿಕೋನಗಳಾಗಿ ಜೋಡಿಸಿದ ಉಕ್ಕಿನ ಚೌಕಟ್ಟು) ಸಾಲು ಸೇರಿಸಿ ಇದನ್ನು ಬಲಪಡಿಸಿದ್ದರು. ಆ ಬಲ ಇಂದಿಗೂ ಉಪಯೋಗಕ್ಕೆ ಬರುತ್ತಿದೆ.

1974ರ ಮೇ ತಿಂಗಳಲ್ಲಿ ಹಳಿಯಡಿಯ ಮರದ ಸ್ಲೀಪರ್‌ಗಳಿಗೆ ಬೆಂಕಿ ಬಿದ್ದು ರೈಲು ನಿಂತಿತು. 2009ರ ಅಕ್ಟೋಬರಿನಲ್ಲಿ ಕಾಲುದಾರಿಯಾಗಿ ತೆರೆದಾಗ ಮರದ ಬದಲು ಮೊದಲೇ ಎರಕಹೊಯ್ದ ಕಾಂಕ್ರೀಟ್ ಚಪ್ಪಡಿಗಳನ್ನು ಹಾಸಿದ್ದರು. ಇಂಥ ಕಡೆ ನಿಜವಾದ ಶತ್ರು ಭಾರವಲ್ಲ, ನೀರು. ಚಪ್ಪಡಿಗಳ ಸಂದಿನಿಂದ ಸೋರಿದ ನೀರು ಕೆಳಗಿನ ಉಕ್ಕಿನ ಜೋಡಣೆಗಳಲ್ಲಿ ನಿಂತರೆ ತುಕ್ಕು ಅಲ್ಲಿಂದಲೇ ಶುರು. ಸಂದುಗಳನ್ನು ಪೂರ್ತಿ ಬಿಗಿದು ಮುಚ್ಚುವಂತೆಯೂ ಇಲ್ಲ: 6,768 ಅಡಿ ಉದ್ದದ ಉಕ್ಕು 40 ಡಿಗ್ರಿ ಸೆಲ್ಸಿಯಸ್ ಏರಿಳಿತಕ್ಕೆ ಒಟ್ಟು ಒಂದು ಮೀಟರಿನಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೆ ಅಲ್ಲಲ್ಲಿ ಜಾಗ ಬಿಡಲೇಬೇಕು.

ಅಪ್ಪ-ಅಮ್ಮನನ್ನು ಖಂಡಿತ ಕರೆದೊಯ್ಯಿರಿ. ಕಾರಿದ್ದರೆ ಪೊಕಿಪ್ಸಿಯ ಪಾರ್ಕರ್ ಅವೆನ್ಯೂ ಅಥವಾ ಆಚೆ ದಡದ ಹೈಲ್ಯಾಂಡಿನ ಹ್ಯಾವಿಲ್ಯಾಂಡ್ ರಸ್ತೆಯ ಕಡೆಯಿಂದ ಹೋಗಿ. ಮೆಟ್ಟಿಲು ಹತ್ತುವ ಕೆಲಸವಿಲ್ಲ, ಗಾಲಿಕುರ್ಚಿಯೂ ಹೋಗುತ್ತದೆ. ನದಿ ದಡದಿಂದ ಮೇಲೇರುವ ಲಿಫ್ಟ್ 2014ರಿಂದ ಇದೆ, ಆದರೆ ಚಳಿಗಾಲದಲ್ಲೂ ಹವಾಮಾನ ಕೆಟ್ಟಾಗಲೂ ಅದನ್ನು ನಿಲ್ಲಿಸುತ್ತಾರೆ. ಅದನ್ನೇ ನಂಬಿ ಪೊಕಿಪ್ಸಿವರೆಗೆ ರೈಲಿನಲ್ಲಿ ಹೋಗುವುದಾದರೆ ಮೊದಲು ವಿಚಾರಿಸಿಕೊಳ್ಳಿ. ಆಚೆ ತುದಿ ಮುಟ್ಟಿ ಮರಳಿದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು. ಹಿರಿಯರಿಗೆ ನಡುನದಿಯವರೆಗೆ ಹೋಗಿಬಂದರೂ ಸಾಕು, ನೋಟವೆಲ್ಲ ಅಲ್ಲೇ ಇದೆ. ನೀರಿನಿಂದ 212 ಅಡಿ ಎತ್ತರ, ಮೇಲೆ ನೆರಳಿಲ್ಲ, ಗಾಳಿಗೆ ತಡೆಯಿಲ್ಲ. ಬೇಸಿಗೆಯಲ್ಲಿ ಟೋಪಿ, ಉಳಿದ ಕಾಲದಲ್ಲಿ ಕಿವಿ ಮುಚ್ಚುವ ಸ್ಕಾರ್ಫ್ ಮರೆಯಬೇಡಿ.

ಪ್ರಶ್ನೆ: ಅದೇ ಸೇತುವೆಯಲ್ಲಿ ಸೈಕಲ್ ಬಿಡಲು ಏನು ಗಮನಿಸಬೇಕು?

ಉತ್ತರ: ಬಲಬದಿ ಹಿಡಿಯಿರಿ, ನಡೆಯುವವರಿಗೆ ದಾರಿ ಬಿಡಿ, ಸಣ್ಣ ಗಂಟೆಯಿರಲಿ. ಸಪೂರ ಟೈರಾದರೆ ಸಂದುಗಳನ್ನು ಓರೆಯಾಗಿ ದಾಟದೆ ನೇರವಾಗಿ ದಾಟಿ. ಪೂರ್ವಕ್ಕೆ ಡಚೆಸ್ ರೈಲ್ ಟ್ರೇಲ್ (ಹಳೇ ರೈಲುಹಾದಿಯ ಮೇಲಿನ ಸೈಕಲ್ ದಾರಿ) 13 ಮೈಲಿ ಇದೆ. ಹೋಗಿ ಬರುವ ಲೆಕ್ಕ ಹಾಕಿಯೇ ಹೊರಡಿ. ಸೂರ್ಯ ಮುಳುಗುವಾಗ ಸೇತುವೆಯ ಗೇಟು ಮುಚ್ಚುತ್ತಾರೆ.