ಅತ್ತೆ ಹೇಳಿದ್ದನ್ನು ಹಾಗೇ ಹೇಳು

ತಂಗಿ, ನನ್ನನ್ನು ಅಕ್ಕ ಅಂತ ಕರೆದಿದ್ದೀಯ. ಹಾಗಾಗಿ ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀವು ಕೆನಡಾದ ಬ್ರಾಂಪ್ಟನ್‌ಗೆ ಬಂದು ಎರಡು ತಿಂಗಳಾಗಿದೆ. ದಾವಣಗೆರೆಯಲ್ಲಿರುವ ಅತ್ತೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನವಿಲ್ಲ. ಇಲ್ಲಿಗೆ ಕರೆಸಿಕೊಂಡರೆ ಮನೆಗೇ ಬಂದು ನೋಡಿಕೊಳ್ಳುವವರು ಸಿಗುತ್ತಾರಾ, ನೀವಿಬ್ಬರೂ ಕೆಲಸಕ್ಕೆ ಹೋದರೆ ಅವರ ಗತಿ ಏನು, ಚಳಿ ತಡೆಯುತ್ತಾರಾ ಅಂತ ಕೇಳಿದ್ದೀಯ.

ಚಳಿ ದೊಡ್ಡ ವಿಷಯವಲ್ಲ. ಮನೆಯೊಳಗೆ ಬೆಚ್ಚಗಿರುತ್ತದೆ. ಸೊಪ್ಪು, ತರಕಾರಿ, ಸಾಂಬಾರು ಪುಡಿ ಎಲ್ಲ ಬ್ರಾಂಪ್ಟನ್‌ನಲ್ಲಿ ಸಿಗುತ್ತದೆ. ಅದರ ಚಿಂತೆ ಬಿಡು. ನೋಡಿಕೊಳ್ಳುವವರ ವಿಷಯ ಮಾತ್ರ ಎರಡು ಸಾಲಿನಲ್ಲಿ ಮುಗಿಯುವುದಲ್ಲ.

ನಾನು ಬಂದಿದ್ದು 2003ರ ಫೆಬ್ರವರಿಯಲ್ಲಿ. ಬಂದ ಎರಡನೇ ವಾರ, ಮಿಸ್ಸಿಸಾಗಾದ ಸ್ಕ್ವೇರ್ ಒನ್ ಹತ್ತಿರ ಬಸ್ಸಿನಲ್ಲಿ ಕೂತಿದ್ದೆ. ಹಿಮ ಬೀಳುತ್ತಿತ್ತು. ಒಂದು ಸ್ಟಾಪಿನಲ್ಲಿ ವೀಲ್‌ಚೇರಿನಲ್ಲಿ ಒಬ್ಬ ಅಜ್ಜಿ, ಒಬ್ಬರೇ, ಕಾಯುತ್ತಿದ್ದರು. ಡ್ರೈವರ್ ಬಸ್ಸನ್ನು ಒಂದು ಕಡೆ ಬಗ್ಗಿಸಿದ. ಬಾಗಿಲಿನಿಂದ ಹಲಗೆ ಹೊರಗೆ ಬಂತು. ಅಜ್ಜಿ ಒಳಗೆ ಬಂದ ಮೇಲೆ ಅವನೇ ಎದ್ದು ಬಂದು, ಮಂಡಿಯೂರಿ ಕೂತು, ಕುರ್ಚಿಗೆ ಪಟ್ಟಿ ಬಿಗಿದ. ಐದು ನಿಮಿಷವಾದರೂ ಹಿಡಿದಿರಬೇಕು. ಬಸ್ಸಿನಲ್ಲಿದ್ದ ಒಬ್ಬರೂ ಗೊಣಗಲಿಲ್ಲ. ತಿಪಟೂರಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜನನ್ನು ಮತ ಹಾಕಿಸಲು ಕುರ್ಚಿ ಸಮೇತ ನಾಲ್ಕು ಜನ ಹೊತ್ತುಕೊಂಡು ಹೋಗಿದ್ದು ನೆನಪಾಯಿತು. ಆ ಒಂದು ಸಲ ಬಿಟ್ಟರೆ ಅವರು ಮನೆಯಿಂದ ಹೊರಗೆ ಬಂದಿದ್ದನ್ನೇ ನಾನು ನೋಡಿರಲಿಲ್ಲ. ಅಮ್ಮನಿಗೆ ವಯಸ್ಸಾದ ಮೇಲೆ ಇಲ್ಲಿಗೇ ಕರೆಸಿಕೊಳ್ಳಬೇಕು ಅಂತ ಅವತ್ತೇ ಮನಸ್ಸಿನಲ್ಲಿ ನಿರ್ಧಾರ ಮಾಡಿದ್ದೆ. ಆ ಹೆಮ್ಮೆ ನನಗೆ ಇವತ್ತೂ ಇದೆ.

ಮೊದಲು ವೀಸಾ ವಿಷಯ. ಇಲ್ಲಿ ಎಡವುವವರೇ ಜಾಸ್ತಿ. ಸೂಪರ್ ವೀಸಾದಲ್ಲಿ, ಅಂದರೆ ಅಪ್ಪ ಅಮ್ಮಂದಿರು ಬಂದು ಹೆಚ್ಚು ಕಾಲ ಇರಲು ಕೊಡುವ ವೀಸಾದಲ್ಲಿ, ಬಂದರೆ ಒಂದು ಸಲಕ್ಕೆ ಐದು ವರ್ಷದವರೆಗೂ ಇರಬಹುದು ನಿಜ. ಆದರೆ ಅವರಿಗೆ ಓಹಿಪ್ ಕಾರ್ಡ್, ಅಂದರೆ ನಮ್ಮ ಒಂಟಾರಿಯೋ ಪ್ರಾಂತ್ಯದ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡ್, ಬರುವುದಿಲ್ಲ. ಕಾರ್ಡ್ ಇಲ್ಲದೆ ಸರ್ಕಾರದ ಹೋಮ್ ಕೇರ್ ಇಲ್ಲ. ಕನಿಷ್ಠ 1,00,000 ಡಾಲರಿನ ಖಾಸಗಿ ಇನ್ಶೂರೆನ್ಸ್ ಮಾಡಿಸಲೇಬೇಕು. ಅದು ತುರ್ತಿಗೆ ಆಗುತ್ತದೆ, ದಿನಾ ಸ್ನಾನ ಮಾಡಿಸುವವರಿಗೆ ಆಗುವುದಿಲ್ಲ. ಮೊದಲೇ ಲಕ್ವ ಹೊಡೆದವರಿಗೆ ಏನು ಕೊಡುತ್ತಾರೆ, ಏನು ಕೊಡುವುದಿಲ್ಲ ಅಂತ ಪಾಲಿಸಿಯನ್ನು ಒಂದೊಂದು ಸಾಲೂ ಓದು. ಸ್ಪಾನ್ಸರ್ ಮಾಡಿ ಪಿಆರ್, ಅಂದರೆ ಕಾಯಂ ನಿವಾಸಿ, ಮಾಡಿಸಿದರೆ ಓಹಿಪ್ ಸಿಗುತ್ತದೆ. ಆದರೆ 20 ವರ್ಷ ಅವರ ಜವಾಬ್ದಾರಿ ನಮ್ಮದು ಅಂತ ಸಹಿ ಹಾಕಬೇಕು. ಮೆಡಿಕಲ್ ಪರೀಕ್ಷೆಯಲ್ಲಿ ಅವರ ಚಿಕಿತ್ಸೆಗೆ ಸರ್ಕಾರದ ಖರ್ಚು ಮಿತಿ ಮೀರುತ್ತದೆ ಅಂತ ಕಂಡರೆ ತಡೆಯಲೂಬಹುದು. ನಿಮ್ಮ ಅತ್ತೆಯ ವಿಷಯದಲ್ಲಿ ಇದು ನಿಜವಾದ ತೊಡಕು. ಟಿಕೆಟ್ ಮಾಡಿಸುವ ಮುಂಚೆ ಲೈಸೆನ್ಸ್ ಇರುವ ಇಮಿಗ್ರೇಷನ್ ಸಲಹೆಗಾರರ ಹತ್ತಿರ ಕೂತು ಮಾತಾಡು. ಯಾರೋ ದೇವಸ್ಥಾನದಲ್ಲಿ ಹೇಳಿದರು ಅಂತ ಹೊರಡಬೇಡ.

ನನ್ನ ಅಮ್ಮ 2010ರಲ್ಲಿ ಪಿಆರ್ ಆಗಿಯೇ ಬಂದರು. ಆಗ ಓಹಿಪ್‌ಗೆ ಮೂರು ತಿಂಗಳು ಕಾಯಬೇಕಿತ್ತು. 2020ರಿಂದ ಆ ಕಾಯುವುದು ಇಲ್ಲ. 2015ರಲ್ಲಿ ಅವರಿಗೂ ಲಕ್ವ ಹೊಡೆಯಿತು. ಬಲಗಡೆ. ಮಾತು ಹೋಗಲಿಲ್ಲ, ಅದೊಂದು ಪುಣ್ಯ.

ಕಾರ್ಡ್ ಇದ್ದವರಿಗೆ ಒಂಟಾರಿಯೋದಲ್ಲಿ ಮನೆಗೇ ನರ್ಸ್ ಬರುತ್ತಾರೆ, ಫಿಸಿಯೋ ಬರುತ್ತಾರೆ, ಸ್ನಾನ ಮಾಡಿಸಿ ಬಟ್ಟೆ ಹಾಕಲು ಪಿಎಸ್‌ಡಬ್ಲ್ಯೂ (ಪರ್ಸನಲ್ ಸಪೋರ್ಟ್ ವರ್ಕರ್) ಬರುತ್ತಾರೆ. ದುಡ್ಡಿಲ್ಲ. ಇದನ್ನೆಲ್ಲ ನೋಡಿಕೊಳ್ಳುವ ಸಂಸ್ಥೆಯ ಹೆಸರು ಈಗ ಒಂಟಾರಿಯೋ ಹೆಲ್ತ್ ಅಟ್‌ಹೋಮ್. ಅಮ್ಮನ ಕಾಲದಲ್ಲಿ ಸಿಸಿಎಸಿ ಅನ್ನುತ್ತಿದ್ದರು. ಆಮೇಲೆ ಹೆಸರು ಬದಲಾಗುತ್ತಾ ಬಂದು 2024ರಲ್ಲಿ ಇದಾಯಿತು. ಹಳಬರು ಇನ್ನೂ ಸಿಸಿಎಸಿ ಅಂತಾರೆ, ಗೊಂದಲ ಮಾಡಿಕೊಳ್ಳಬೇಡ. ಫೋನ್ 310-2222, ಏರಿಯಾ ಕೋಡ್ ಬೇಕಿಲ್ಲ. ಡಾಕ್ಟರ್ ಚೀಟಿಗೆ ಕಾಯಬೇಕಿಲ್ಲ, ಮನೆಯವರೇ ಫೋನ್ ಮಾಡಬಹುದು. ಆಮೇಲೆ ಕೇರ್ ಕೋಆರ್ಡಿನೇಟರ್ ಒಬ್ಬರು ಬಂದು ಪ್ರಶ್ನೆ ಕೇಳುತ್ತಾರೆ. ಎಷ್ಟು ಗಂಟೆ ಸಹಾಯ ಕೊಡಬೇಕು ಅನ್ನುವುದು ಆ ಉತ್ತರಗಳ ಮೇಲೆ ನಿಂತಿರುತ್ತದೆ.

ಆ ದಿನದ ಬಗ್ಗೆಯೇ ನಿನಗೆ ಹೇಳಬೇಕು.

ಅಕ್ಟೋಬರ್, ಬೆಳಗ್ಗೆ ಹತ್ತು ಗಂಟೆ. ಮನೆಗೆ ಯಾರೋ ಬರುತ್ತಾರೆ ಅಂದರೆ ನಮ್ಮಮ್ಮಂದಿರು ಹೇಗೆ ಅಂತ ನಿನಗೆ ಗೊತ್ತಲ್ವಾ. ಅಮ್ಮ ಐದು ಗಂಟೆಗೇ ನನ್ನನ್ನು ಎಬ್ಬಿಸಿ ತಲೆ ಬಾಚಿಸಿಕೊಂಡರು. ಇಸ್ತ್ರಿ ಮಾಡಿದ ಸೀರೆ ಉಡಿಸಿಕೊಂಡರು. ಉಡಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಕುಂಕುಮ ಮಾತ್ರ ಎಡಗೈಯಲ್ಲಿ ತಾವೇ ಇಟ್ಟುಕೊಂಡರು, ಸ್ವಲ್ಪ ಓರೆಯಾಯಿತು. ತಟ್ಟೆಯಲ್ಲಿ ಕೋಡುಬಳೆ ಇಡು, ಫಿಲ್ಟರ್ ಕಾಫಿ ಗಟ್ಟಿಯಾಗಿರಲಿ ಅಂತ ನಾಲ್ಕು ಸಲ ಹೇಳಿದರು.

ಬಂದಾಕೆ ಬಾಗಿಲಲ್ಲೇ ಶೂ ಬಿಚ್ಚಿ, ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ತುಂಬಾ ಒಳ್ಳೆಯ ಹೆಂಗಸು. ಕಳೆದ ಮೂರು ದಿನದಲ್ಲಿ ಸ್ನಾನ ಯಾರು ಮಾಡಿಸಿದರು, ಬಟ್ಟೆ ಯಾರು ಹಾಕಿದರು, ಹಾಸಿಗೆಯಿಂದ ತಾವೇ ಏಳುತ್ತಾರಾ ಅಂತ ಒಂದೊಂದಾಗಿ ಕೇಳಿದರು. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನೇ ದುಭಾಷಿ. "ಎಲ್ಲಾ ನಾನೇ ಮಾಡ್ಕೋತೀನಿ ಅಂತ ಹೇಳು" ಅಂದರು ಅಮ್ಮ. ನಾನು ಹಾಗೇ ಹೇಳಿದೆ, ಸೀರೆ ಉಡಿಸಿದ ನನ್ನ ಕೈ ಇನ್ನೂ ನೋಯುತ್ತಿದ್ದರೂ.

ಆಮೇಲೆ ಆಕೆ ರಾತ್ರಿಯ ಬಗ್ಗೆ ಕೇಳಿದರು. ಅಮ್ಮ ತಕ್ಷಣ ಉತ್ತರ ಕೊಡಲಿಲ್ಲ. ಸೆರಗಿನ ತುದಿಯನ್ನು ಎಡಗೈಯ ಬೆರಳಿಗೆ ಸುತ್ತಿಕೊಳ್ಳುತ್ತಾ, ನನ್ನನ್ನು ನೋಡದೆ, "ರಾತ್ರಿ ಬಚ್ಚಲಿಗೆ ಹೋಗೋಕೆ ಹೆದರಿಕೆ ಆಗುತ್ತೆ ಕಣೆ. ಹೋದ ವಾರ ಒಂದ್ಸಲ ಜಾರಿದ್ದೆ. ನಿನಗೆ ಹೇಳಿರಲಿಲ್ಲ" ಅಂದರು.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ರಾತ್ರಿ ಸ್ವಲ್ಪ ನಿಧಾನ, ಆದರೆ ತೊಂದರೆ ಇಲ್ಲ, ನಾವೆಲ್ಲ ಇದ್ದೇವೆ.

ಯಾಕೆ ಹಾಗೆ ಹೇಳಿದೆ? ನಾಚಿಕೆ. ಗಟ್ಟಿಮುಟ್ಟಾದ ಮೂರು ಜನ ಇರುವ ಮನೆಯಲ್ಲಿ ತಾಯಿ ಬಚ್ಚಲಲ್ಲಿ ಜಾರಿದರು, ಅದು ಮಗಳಿಗೇ ಗೊತ್ತಿಲ್ಲ ಅಂದರೆ ಈಕೆ ಏನಂದುಕೊಳ್ಳುತ್ತಾರೋ ಅನ್ನಿಸಿತು. ಹೊರಗಿನವರ ಮುಂದೆ ಮನೆಯ ಮರ್ಯಾದೆ ಕಾಪಾಡಬೇಕು ಅಂತ ಚಿಕ್ಕಂದಿನಿಂದ ಕಲಿತಿದ್ದೇ ಬಾಯಿಗೆ ಬಂತು. ಆಕೆ ಟೈಪ್ ಮಾಡಿಕೊಂಡರು. ವಾರಕ್ಕೆ ಎರಡು ಸ್ನಾನ ಮಂಜೂರಾಯಿತು. ಆಕೆಯದು ಏನೂ ತಪ್ಪಿಲ್ಲ. ನಾನು ಹೇಳಿದ್ದನ್ನೇ ಬರೆದುಕೊಂಡರು.

ಜನವರಿಯಲ್ಲಿ ಅಮ್ಮ ರಾತ್ರಿ ಬಾತ್‌ರೂಮಿನಲ್ಲಿ ಬಿದ್ದರು. ನಾನು ಆರು ಗಂಟೆಗೆ ಎದ್ದು ಹೋದಾಗ ಟಬ್ಬಿನ ಪಕ್ಕ ಟೈಲ್ಸ್ ಮೇಲೆ ಮಲಗಿದ್ದರು. ಮ್ಯಾಟನ್ನು ಎಳೆದು ಹೊದ್ದುಕೊಂಡಿದ್ದರು. ಬಿದ್ದು ಮೂರು ಗಂಟೆಯ ಮೇಲಾಗಿತ್ತು. ಯಾಕಮ್ಮಾ ಕೂಗಲಿಲ್ಲ ಅಂದೆ. "ನೀನು ಬೆಳಗ್ಗೆ ಕೆಲಸಕ್ಕೆ ಹೋಗಬೇಕಲ್ಲ" ಅಂದರು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆಮೇಲೆ ಮೂರು ವರ್ಷ ಇದ್ದರು, ಆದರೆ ಒಬ್ಬರೇ ಎದ್ದು ನಡೆಯಲಿಲ್ಲ. 2019ರಲ್ಲಿ ಹೋದರು.

ಎಲ್ಲರೂ ಸಮಾಧಾನ ಹೇಳಿದರು, ಬೀಳುವುದು ಯಾರ ಕೈಯಲ್ಲಿದೆ ಅಂತ. ಇರಬಹುದು. ಆದರೆ ಅಮ್ಮ ಜೀವಮಾನದಲ್ಲಿ ಒಂದೇ ಸಲ ಹೆದರಿಕೆ ಆಗುತ್ತೆ ಅಂದಿದ್ದರು. ಆ ಮಾತನ್ನು ದಾಟಿಸಬೇಕಾದವಳು ನಾನು, ನನ್ನ ಬಾಯಲ್ಲೇ ಅದು ನಿಂತುಹೋಯಿತು.

ಅದಕ್ಕೇ ನಿನಗೆ ಹೇಳುತ್ತಿದ್ದೇನೆ. ಅತ್ತೆ ಬಂದು, ಕೋಆರ್ಡಿನೇಟರ್ ಪ್ರಶ್ನೆ ಕೇಳಲು ಕೂತ ದಿನ, ಅತ್ತೆ ಏನು ಹೇಳಿದರೂ ಹಾಗೇ ಹೇಳು. ಅತ್ತೆ ಮುಚ್ಚಿಟ್ಟರೆ, ನೀನು ಕೋಆರ್ಡಿನೇಟರನ್ನು ಪಕ್ಕಕ್ಕೆ ಕರೆದು ಹೇಳು. ಅವರ ಒಳ್ಳೆಯ ದಿನದ ಬಗ್ಗೆ ಅಲ್ಲ, ಕೆಟ್ಟ ದಿನದ ಬಗ್ಗೆ ಹೇಳು. ಹಿಂದಿನ ಒಂದು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು: ಎಷ್ಟು ಸಲ ಎಬ್ಬಿಸಬೇಕಾಯಿತು, ಎಲ್ಲಿ ತಡವರಿಸಿದರು, ಬಟ್ಟೆ ಎಷ್ಟು ಸಲ ಒದ್ದೆಯಾಯಿತು. ಸೊಸೆ ಹೀಗೆಲ್ಲ ಹೇಳಬಹುದಾ ಅನ್ನುವ ಸಂಕೋಚ ನಿನಗೆ ನನಗಿಂತ ಜಾಸ್ತಿ ಇರುತ್ತದೆ, ಗೊತ್ತು. ಆಗಬಹುದಾದರೆ ನಿನ್ನ ಗಂಡನೂ ಅವತ್ತು ರಜೆ ಹಾಕಲಿ. ದುಭಾಷಿ ಬೇಕು ಅಂತ ಫೋನಿನಲ್ಲೇ ಕೇಳು. ಕನ್ನಡದವರು ಸಿಗುವುದು ಕಷ್ಟ, ಆದರೂ ಕೇಳು. ಹೊರಗಿನವರ ಬಾಯಲ್ಲಿ ಅತ್ತೆಯ ಮಾತು ತುಂಡಾಗದೆ ಹೋಗುತ್ತದೆ. ಗಂಟೆ ಕಡಿಮೆ ಕೊಟ್ಟರೆ, ಸ್ಥಿತಿ ಬದಲಾದರೆ, ಮತ್ತೆ ಫೋನ್ ಮಾಡಿ ಮತ್ತೆ ನೋಡಿ ಅನ್ನಬಹುದು. ಅದು ಬೇಡುವುದಲ್ಲ.

ಬಿದ್ದ ಮೇಲೆ ಎರಡನೇ ಸಲ ನೋಡಲು ಬಂದಾಗ ನಾನು ಎಲ್ಲಾ ಹೇಳಿದೆ. ದಿನಕ್ಕೆ ಎರಡು ಸಲ ಪಿಎಸ್‌ಡಬ್ಲ್ಯೂ ಬರಲು ಶುರುವಾಯಿತು. ಮೊದಮೊದಲು ಹನ್ನೊಂದು ಗಂಟೆಗೆ ಬರುತ್ತಿದ್ದರು. ಅಮ್ಮ ಸ್ನಾನ ಆಗದೆ ದೀಪ ಹಚ್ಚುವುದಿಲ್ಲ, ದೀಪ ಹಚ್ಚದೆ ತಿಂಡಿ ತಿನ್ನುವುದಿಲ್ಲ. ಸಕ್ಕರೆ ಕಾಯಿಲೆ ಬೇರೆ. ಇದನ್ನು ಹೇಗೆ ಹೇಳುವುದು, ನಗುತ್ತಾರೇನೋ ಅಂದುಕೊಂಡು ಎರಡು ವಾರ ಸುಮ್ನೆ ಇದ್ದೆ. ಕೊನೆಗೆ ಹೇಳಿದೆ. ಯಾರೂ ನಗಲಿಲ್ಲ, ಸಮಯ ಎಂಟಕ್ಕೆ ಬದಲಾಯಿತು.

ಬರುತ್ತಿದ್ದಾಕೆ ಫಿಲಿಪೈನ್ಸ್‌ನವರು. ಅಮ್ಮನಿಗೆ ಶವರ್ ಹಿಡಿಸುತ್ತಿರಲಿಲ್ಲ, ಚೊಂಬಿನಲ್ಲಿ ಹುಯ್ಯಬೇಕು. ಆಕೆಗೆ ಅದೇನೂ ಹೊಸದಲ್ಲ, ಅವರ ಊರಿನಲ್ಲೂ ಹಾಗೇ ಅಂತೆ. ಬಿಸಿ, ಸಾಕು, ಮೆಲ್ಲಗೆ, ಈ ಮೂರು ಮಾತು ಒಂದೇ ವಾರದಲ್ಲಿ ಕಲಿತರು. ಬಾಗಿಲ ಹೊರಗೆ ನಿಂತರೆ "ಸಾಕು?" ಅಂತ ಆಕೆ ಕೇಳುವುದು, "ಇನ್ನೊಂದು" ಅಂತ ಅಮ್ಮ ಹೇಳುವುದು ಕೇಳಿಸುತ್ತಿತ್ತು. ಒಂದು ಮಾತು, ಅವರು ನಮ್ಮೂರಿನ ಮನೆಕೆಲಸದವರ ಹಾಗಲ್ಲ. ನಿಮ್ಮ ಪಾತ್ರೆ, ನಿಮ್ಮ ಬಟ್ಟೆ ಅವರ ಕೆಲಸವಲ್ಲ. ದಿನಕ್ಕೊಬ್ಬರು ಬಂದರೆ, ಒಬ್ಬರನ್ನೇ ಕಳಿಸಿ ಅಂತ ಕೇಳು. ಸಿಕ್ಕರೆ ಅದೃಷ್ಟ.

ನೀವಿಬ್ಬರೂ ಕೆಲಸಕ್ಕೆ ಹೋದಾಗ ಇಡೀ ದಿನ ಇರಲು ಯಾರನ್ನೂ ಸರ್ಕಾರ ಕಳಿಸುವುದಿಲ್ಲ, ಇದನ್ನು ಈಗಲೇ ತಿಳಿದುಕೋ. ಅದಕ್ಕೆ ಅಡಲ್ಟ್ ಡೇ ಪ್ರೋಗ್ರಾಂ ಇದೆ, ವಯಸ್ಸಾದವರನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರ. ಅಮ್ಮ ವಾರಕ್ಕೆ ಎರಡು ದಿನ ಹೋಗುತ್ತಿದ್ದರು. ಅಲ್ಲಿ ಪಂಜಾಬಿ, ಗುಜರಾತಿ ಅಜ್ಜಿಯರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅಮ್ಮ ರಟ್ಟಿನ ಮೇಲೆ ಚೌಕಾಬಾರದ ಮನೆ ಬರೆಸಿ, ಹುಣಸೆ ಬೀಜ ತಗೊಂಡು ಹೋದರು. ಆಮೇಲೆ ಮಾತು ಬೇಕಾಗಲಿಲ್ಲ. ಅಲ್ಲಿಗೆ ಕರೆದುಕೊಂಡು ಹೋಗಲು ಪೀಲ್‌ನಲ್ಲಿ, ಅಂದರೆ ಬ್ರಾಂಪ್ಟನ್, ಮಿಸ್ಸಿಸಾಗಾ ಸೇರಿದ ನಮ್ಮ ಪ್ರದೇಶದಲ್ಲಿ, ಟ್ರಾನ್ಸ್‌ಹೆಲ್ಪ್ ಅನ್ನುವ ವಾಹನ ಸೇವೆ ಇದೆ, ಅರ್ಜಿ ಹಾಕಬೇಕು. ವೀಲ್‌ಚೇರಿಗೆ ಎಡಿಪಿ ಅಂತ ಯೋಜನೆ, 75% ಸರ್ಕಾರ ಕೊಡುತ್ತದೆ. ಮನೆ ಬಾಡಿಗೆಗೆ ಹಿಡಿಯುವಾಗ ಕೆಳಗಡೆ ಬಾತ್‌ರೂಮ್ ಇದೆಯಾ ನೋಡು. ಇಲ್ಲಿನ ಮನೆಗಳಲ್ಲಿ ಸ್ನಾನ ಎಲ್ಲ ಮೇಲೆ, ಅದೂ ಟಬ್ಬಿನಲ್ಲಿ. ಕಾಲೆತ್ತಿ ಟಬ್ ದಾಟುವುದೇ ಅವರಿಗೆ ಬೆಟ್ಟ ಹತ್ತಿದ ಹಾಗೆ.

ವೀಸಾ ಆಗದಿದ್ದರೆ ಅತ್ತೆಗೆ ಮೋಸ ಮಾಡಿದೆವು ಅಂತ ಕೊರಗಬೇಡ. ದಾವಣಗೆರೆಯಲ್ಲಿ ಪಕ್ಕದ ಮನೆಯವರು ಹೆಸರು ಹಿಡಿದು ಕೂಗುತ್ತಾರೆ. ಇಲ್ಲಿ ನಮ್ಮಮ್ಮನನ್ನು ಹೆಸರು ಹಿಡಿದು ಕೂಗುವವರು ಒಬ್ಬರೂ ಇರಲಿಲ್ಲ. ಅದು ಅವರಿಗೆ ಎಷ್ಟು ಕಾಡಿತ್ತು ಅಂತ ನನಗೆ ತಡವಾಗಿ ಗೊತ್ತಾಯಿತು.

ಬಂದರೆ ಮಾತ್ರ ನನಗೆ ತಿಳಿಸು. ಟಬ್ಬಿನ ಅಂಚಿಗೆ ಕೂರಿಸುವ ಅಮ್ಮನ ಬೆಂಚು ನಮ್ಮ ಬೇಸ್‌ಮೆಂಟಿನಲ್ಲಿದೆ. ಎರಡು ಕಾಲಿನ ರಬ್ಬರ್ ಸವೆದಿದೆ, ಹೊಸದು ಹಾಕಿಸಿ ನಾನೇ ಬ್ರಾಂಪ್ಟನ್‌ಗೆ ತಂದುಕೊಡುತ್ತೇನೆ. ಹಿತ್ತಾಳೆ ಚೊಂಬನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.