ಆನ್ ಮಾಡಿದೊಡನೆ ದೋಷ ಸಂದೇಶ: ಫಾರ್ಮ್ಯಾಟ್ ಬೇಡ

ನಮಸ್ಕಾರ. ದಾವಣಗೆರೆಯ ನಿಮ್ಮ ಅಡಿಕೆ ಮಂಡಿಯ ಕಂಪ್ಯೂಟರಿಗೆ ಹೊಸ ಬಿಲ್ಲಿಂಗ್ ತಂತ್ರಾಂಶ ಹಾಕಿದ ಮೇಲೆ, ವಿಂಡೋಸ್ ತೆರೆದಾಗಲೆಲ್ಲ ಯಾವುದೋ ಡಿಎಲ್‌ಎಲ್ ಕಡತ (ತಂತ್ರಾಂಶ ಕೆಲಸ ಮಾಡಲು ಬೇಕಾದ ಸಹಾಯಕ ಕಡತ) ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತಿದೆ, ಫಾರ್ಮ್ಯಾಟ್ ಮಾಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಮೊದಲು ಲೆಕ್ಕಪತ್ರದ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ.

ಆಂಟಿವೈರಸ್ ಆ ತಂತ್ರಾಂಶದ ಒಂದು ಕಡತವನ್ನು ಅನುಮಾನಿಸಿ ಕ್ವಾರಂಟೈನ್‌ಗೆ (ಬೇರೆಯಾಗಿ ಕೂಡಿಹಾಕುವ ಜಾಗಕ್ಕೆ) ಹಾಕಿರುವ ಸಾಧ್ಯತೆಯೇ ಹೆಚ್ಚು. ಕಡತ ಹೋಗಿದೆ, ವಿಂಡೋಸ್ ತೆರೆದೊಡನೆ ಅದನ್ನು ಕರೆಯುವ ಸ್ಟಾರ್ಟ್‌ಅಪ್ ನಮೂದು ಉಳಿದಿದೆ. ಮನೆ ಬಿಟ್ಟು ಹೋದವರ ಹೆಸರಿಗೆ ಅಂಚೆ ಬರುತ್ತಲೇ ಇರುವಂತೆ.

ವಿಂಡೋಸ್ ಸೆಕ್ಯೂರಿಟಿಯಲ್ಲಿ ‘ಪ್ರೊಟೆಕ್ಷನ್ ಹಿಸ್ಟರಿ’ ತೆರೆದು, ಸಂದೇಶದಲ್ಲಿರುವ ಹೆಸರು ಅಲ್ಲಿದೆಯೇ ನೋಡಿ. ಬೇರೆ ಆಂಟಿವೈರಸ್ ಇದ್ದರೆ ಅದರ ಕ್ವಾರಂಟೈನ್ ಪಟ್ಟಿ ನೋಡಿ. ಹೆಸರು ತಾಳೆಯಾದರೂ ತಕ್ಷಣ ‘ರಿಸ್ಟೋರ್’ ಒತ್ತಬೇಡಿ. ತಂತ್ರಾಂಶ ಎಲ್ಲಿಂದ ಬಂತು ಎನ್ನುವುದೇ ಇಲ್ಲಿ ಮುಖ್ಯ. ಯಾರೋ ಕೊಟ್ಟ ಕ್ರ್ಯಾಕ್ (ಪರವಾನಗಿ ಇಲ್ಲದ ಕಳ್ಳ) ಪ್ರತಿಯಾದರೆ ಆಂಟಿವೈರಸ್ ಹೇಳುವುದನ್ನೇ ನಂಬಿ, ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ತಯಾರಕರಿಂದಲೇ ಪಡೆದಿದ್ದರೆ ಅವರಿಗೆ ಕರೆ ಮಾಡಿ ಹೊಸ ಆವೃತ್ತಿ ಕೇಳಿ. ಕಡತ ತಮ್ಮದೇ ಎಂದು ಅವರು ಖಚಿತಪಡಿಸಿದರೆ ಮಾತ್ರ ಮರಳಿ ತಂದು, ಅದೊಂದಕ್ಕಷ್ಟೇ ಆಂಟಿವೈರಸ್ ತಪಾಸಣೆಯಿಂದ ವಿನಾಯಿತಿ ಕೊಡಿ. ಇಡೀ ಸಿ ಡ್ರೈವಿಗೆ ವಿನಾಯಿತಿ ಕೊಡಿ ಎನ್ನುವವರ ಮಾತು ಕೇಳಲೇಬೇಡಿ.

ಅನ್‌ಇನ್‌ಸ್ಟಾಲ್ ಆದ ಮೇಲೂ ಸಂದೇಶ ಬಂದರೆ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಆ ನಮೂದನ್ನು ಡಿಸೇಬಲ್ ಮಾಡಿ. ಅಲ್ಲಿ ಕಾಣದಿದ್ದರೆ ಮೈಕ್ರೋಸಾಫ್ಟ್‌ನ ಉಚಿತ ‘ಆಟೋರನ್ಸ್’ನಲ್ಲಿ (ತಾನಾಗಿ ಶುರುವಾಗುವ ನಮೂದುಗಳನ್ನೆಲ್ಲ ತೋರಿಸುವ ತಂತ್ರಾಂಶ) ಹುಡುಕಿ. ಕಡತವಿಲ್ಲದ ನಮೂದುಗಳನ್ನು ಅದು ಹಳದಿ ಬಣ್ಣದಲ್ಲಿ ತೋರಿಸುತ್ತದೆ. ಅಳಿಸಬೇಡಿ, ಟಿಕ್ ಗುರುತು ತೆಗೆದರೆ ಸಾಕು.