ಮಗಳಿಗೆ ವೀಣೆ: ಆನ್‌ಲೈನಾ, ಅಂಗಡಿನಾ?

ಮಗಳು ವೀಣೆ ಕ್ಲಾಸಿಗೆ ಸೇರಿದ್ದಾಳೆ, ಆನ್‌ಲೈನಲ್ಲಿ ಅಂಗಡಿಗಿಂತ ಕಡಿಮೆಗೆ ಸಿಗ್ತಿದೆ, ತರಿಸಿಬಿಡಲಾ ಅಂತ ಕೇಳಿದ್ದೀರಿ. ಕೀಬೋರ್ಡ್ ಆಗಿದ್ದರೆ ಧಾರಾಳವಾಗಿ ತರಿಸಿ ಅಂತಿದ್ದೆ. ವೀಣೆ ಮಾತ್ರ ಬೇಡ.

ಕಾರಣ, ಮೇಳ, ಅಂದರೆ ಮೇಣದ ಮೇಲೆ ಮೆಟ್ಟಿಲುಗಳನ್ನು (ಫ್ರೆಟ್‌ಗಳನ್ನು) ಕೂರಿಸಿರೋ ಕಟ್ಟು. ಗಿಟಾರಿನ ಫ್ರೆಟ್‌ಗಳನ್ನು ಮರಕ್ಕೇ ಬಡಿದು ಕೂರಿಸಿರುತ್ತಾರೆ. ವೀಣೆಯ 24 ಮೆಟ್ಟಿಲು ನಿಂತಿರೋದು ಮೇಣದ ಮೇಲೆ. ಜೇನುಮೇಣಕ್ಕೆ ಕರಿಪುಡಿ ಬೆರೆಸಿ ದಂಡಿಯ (ವೀಣೆಯ ಉದ್ದನೆಯ ಕತ್ತಿನ) ಉದ್ದಕ್ಕೂ ಎರಡು ಸಾಲು ಕಟ್ಟಿ, ಒಂದೊಂದೇ ಮೆಟ್ಟಿಲನ್ನು ಕಿವಿಯಲ್ಲಿ ಕೇಳಿಕೊಂಡು ಸ್ವರಸ್ಥಾನಕ್ಕೆ ಕೂರಿಸುತ್ತಾರೆ. ಬೇಸಿಗೆಯಲ್ಲಿ ಲಾರಿಯೊಳಗೆ ಬೆಂದರೆ ಮೇಣ ಮೆತ್ತಗಾಗುತ್ತೆ. ಮೆಟ್ಟಿಲು ಸ್ವಲ್ಪ ಜರುಗಿದರೂ ಸ್ವರ ಕೆಟ್ಟಿತು. ಪೆಟ್ಟಿಗೆ ಬಿಚ್ಚಿದಾಗ ಕಣ್ಣಿಗೇನೂ ಕಾಣಲ್ಲ. ಈಗಷ್ಟೇ ಸರಳೆ ವರಸೆ ನುಡಿಸೋ ಮಗುವಿಗೆ ಅಪಸ್ವರ ತನ್ನದೋ ವೀಣೆಯದೋ ಹೇಗೆ ಗೊತ್ತಾಗಬೇಕು?

ಮನೆಯಲ್ಲಿ ಜೋಪಾನವಾಗಿಟ್ಟರೂ ಕೆಲವು ವರ್ಷಕ್ಕೊಮ್ಮೆ ಮೇಳ ಹೊಸದಾಗಿ ಕಟ್ಟಿಸಲೇಬೇಕು. ಆನ್‌ಲೈನಿನವರು ರಿಟರ್ನ್ ತಗೋಬಹುದು, ಮೇಳ ಕಟ್ಟಿಕೊಡೋಕೆ ಮನೆಗೆ ಬರಲ್ಲ. ಆದ್ದರಿಂದ ರಿಪೇರಿ ಮಾಡೋರು ಇರುವ ಅಂಗಡಿಯನ್ನೇ ಹುಡುಕಿ. ಬೆಂಗಳೂರಿನವರಾದರೆ ಬಳೇಪೇಟೆಯಲ್ಲೊಂದು ಸುತ್ತು ಹಾಕಿ.

ಅಲ್ಲಿ ವೀಣೆಯ ತುದಿಯಲ್ಲಿ ಕೆತ್ತಿರೋ ಯಾಳಿ ಮುಖದ ಬಣ್ಣ, ಕೊಡದ (ನಾದ ಹೊಮ್ಮುವ ದುಂಡನೆಯ ಭಾಗದ) ಮೇಲಿನ ಚಿತ್ತಾರ ನೋಡಿ ಮರುಳಾಗಬೇಡಿ. ಸಾರಣಿ ಅನ್ನೋ ಮೊದಲ ತಂತಿಯನ್ನು ಸುಮ್ಮನೆ ಒಮ್ಮೆ ಮೀಟಿ, ಆಮೇಲೆ 12ನೇ ಮೆಟ್ಟಿಲಲ್ಲಿ ಒತ್ತಿ ಮೀಟಿ. ಮೇಲಿನ ಷಡ್ಜ, ಅಂದರೆ ಮೇಲಿನ 'ಸ', ಚೊಕ್ಕವಾಗಿ ಬರಬೇಕು. ನಂತರ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ, ಎಲ್ಲಾದರೂ ತಂತಿ ಜರ್ ಅಂದರೆ ಅಲ್ಲೇ ತೋರಿಸಿ. ಶ್ರುತಿ ಮಾಡಿ ಐದು ನಿಮಿಷ ಬಿಡಿ. ತಂತಿ ಬಿಗಿಯುವ ಬಿರಡೆ ಜಾರಿದರೆ ಆ ವೀಣೆ ಬೇಡ. ಕೊಡ ದಂಡಿಗೆ ಸೇರುವ ಕಡೆ ಬಿರುಕಿದೆಯಾ ನೋಡಿ. ನಾದ ಕರ್ಕಶ ಅನಿಸಿದರೆ ಕುದುರೆಯ (ತಂತಿಗಳನ್ನು ಹೊತ್ತಿರೋ ಸೇತುವೆಯ) ಮೇಲಿನ ಲೋಹದ ತಗಡನ್ನು ಸರಿಮಾಡಿ ಅನ್ನಿ. ಕೆಲಸ ಬಲ್ಲವರು ನಿಮ್ಮೆದುರಿಗೇ ಅದನ್ನು ಹದಕ್ಕೆ ತರುತ್ತಾರೆ, ವ್ಯತ್ಯಾಸ ನಿಮಗೇ ಕೇಳುತ್ತೆ.

ಇದೆಲ್ಲ ನಿಮಗೆ ಗೊತ್ತಾಗಲ್ಲ ಅಂದರೆ ಮೇಷ್ಟ್ರನ್ನು ಕರೆದುಕೊಂಡು ಹೋಗಿ. (ಕಮಿಷನ್ ಗಿಮಿಷನ್ ಅಂತ ಜನ ಆಡಿಕೊಳ್ಳೋದುಂಟು. ಇದ್ದರೂ ಇರಲಿ ಬಿಡಿ, ಆ ಕಿವಿಗೆ ಅಷ್ಟು ಬೆಲೆ ಕೊಡಬಹುದು.) ಚೌಕಾಶಿ ಮಾಡಿ, ರೇಟು ಇಳಿಸದಿದ್ದರೆ ಒಂದು ಸೆಟ್ ತಂತಿ, ಕವರ್ ಆದರೂ ಕೇಳಿ.

ಶ್ರುತಿ ಪೆಟ್ಟಿಗೆ, ಮುಂದೆ ಬೇಕಾಗೋ ತಂತಿಗಳನ್ನೆಲ್ಲ ಆನ್‌ಲೈನಲ್ಲೇ ತರಿಸಿ, ಅಡ್ಡಿಯಿಲ್ಲ.

ಬಜೆಟ್ಟೇ ಸಮಸ್ಯೆಯಾದರೆ ಹಳೇ ವೀಣೆ ವಿಚಾರಿಸಿ. ಕಲಿತು ಬಿಟ್ಟವರ ಮನೆಯ ಅಟ್ಟದಲ್ಲಿ ಬೇಕಾದಷ್ಟಿವೆ. ವೀಣೆ ಮಾಡಿರೋ ಹಲಸಿನ ಮರ ಸೀಳಿಲ್ಲದಿದ್ದರೆ, ಹೊಸ ಮೇಳ ಕಟ್ಟಿಸಿ ನಿಶ್ಚಿಂತೆಯಿಂದ ನುಡಿಸಬಹುದು.